ಗಣಿಯೂರಿನ ಕುಣಿತ, ನಮ್ಮ ಊರಿನ ಮಾತು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಬೇರೆ ಬೇರೆ ಭಾಷೆಯ, ಬೇರೆ ಬೇರೆ ಕುಲದ ಜನ ಒಂದೇ ಊರಿನಲ್ಲಿ ದುಡಿಯುವಾಗ ಅವರ ನಡುವೆ ವೈರ ಏಕೆ ಹುಟ್ಟುತ್ತದೆ, ಸ್ನೇಹ ಹೇಗೆ ಬೆಳೆಯುತ್ತದೆ? ಇದು ಪಂಡಿತರ ಪ್ರಶ್ನೆ ಮಾತ್ರವಲ್ಲ. ಮುಂಬಯಿಗೆ ಹೊಟ್ಟೆಪಾಡಿಗಾಗಿ ಬಂದ ನಮ್ಮ ಪ್ರಶ್ನೆಯೂ ಹೌದು. ಮಾನವಶಾಸ್ತ್ರಜ್ಞರು ಕೂಲಿಕಾರರ ವಸತಿಯಲ್ಲೇ ಓಡಾಡಿ ಇದನ್ನು ಪರೀಕ್ಷಿಸಿದ ಒಂದು ನಿದರ್ಶನವನ್ನು ತಮ್ಮ ಮುಂದೆ ಇಡುತ್ತೇನೆ.

ಆಫ್ರಿಕದ ಜಾಂಬಿಯಾ ದೇಶ 1964ರವರೆಗೆ ಉತ್ತರ ರೊಡೇಷಿಯಾ ಎಂಬ ಹೆಸರಿನಲ್ಲಿ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನ ತಾಮ್ರದ ಗಣಿಗಳಿಗೆ ದೂರದೂರದ ಹಳ್ಳಿಗಳಿಂದ ಬೆಂಬಾ, ಬೀಸಾ, ಲೋಜಿ, ಎನ್‌ಗೋನಿ ಮೊದಲಾದ ಹತ್ತಾರು ಬುಡಕಟ್ಟುಗಳ ಜನ ದುಡಿಯಲು ಬಂದರು. ಬೆಂಬಾಗಳೂ ಎನ್‌ಗೋನಿಗಳೂ ಹತ್ತೊಂಬತ್ತನೆಯ ಶತಮಾನದಲ್ಲಿ ಈಟಿ ಹಿಡಿದು ಕಾದಿದವರು. ಇಂಥವರು ಒಂದೇ ವಸತಿಯಲ್ಲಿ ನೆರೆಹೊರೆಯವರಾದರೆ ಏನಾದೀತು?

1951ರಲ್ಲಿ ಲುವಾನ್ಶ್ಯ ಎಂಬ ಗಣಿಯೂರಿನಲ್ಲಿ ಕ್ಲೈಡ್ ಮಿಚೆಲ್ ಎಂಬ ವಿದ್ವಾಂಸರು ‘ಕಲೇಲಾ’ ಎಂಬ ಕುಣಿತವನ್ನು ನೋಡಿದರು. ಅದರ ಮೇಲೆ 1956ರಲ್ಲಿ ಒಂದು ಪುಟ್ಟ ಗ್ರಂಥವನ್ನೇ ಬರೆದರು. ರಜೆಯ ದಿನ ಕುಣಿಯುತ್ತಿದ್ದವರು ಬೀಸಾ ಬುಡಕಟ್ಟಿನ ತರುಣ ಕೂಲಿಗಾರರು. ಎಣ್ಣೆಯ ಪೀಪಾಯಿಗೆ ಚರ್ಮ ಬಿಗಿದದ್ದೇ ಅವರ ನಗಾರಿ. ಉಡುಪು ಮಾತ್ರ ಇಸ್ತ್ರಿ ಮಾಡಿದ ಷರಾಯಿ, ಹೊಳೆಯುವ ಬೂಟು. ಮೇಳದಲ್ಲಿ ಒಬ್ಬ ‘ರಾಜ’, ಒಬ್ಬ ‘ಡಾಕ್ಟರ’. ಕನ್ನಡಿ ಹಿಡಿದು ಕುಣಿಯುವವರ ಮುಖ ಒರೆಸಲು ಬಿಳಿ ಬಟ್ಟೆಯ ಒಬ್ಬ ‘ನರ್ಸ’ಮ್ಮ. ಹಾಡುಗಳಲ್ಲಿ ತಮ್ಮ ನಾಡಿನ ಹೊಗಳಿಕೆ, ಉಳಿದ ಬುಡಕಟ್ಟುಗಳ ಗೇಲಿ. ಗೇಲಿಗೆ ಗುರಿಯಾದವರೂ ಸುತ್ತ ನಿಂತು ನಗುತ್ತಿದ್ದರು!

ಬೆಂಬಾ ಮತ್ತು ಎನ್‌ಗೋನಿಗಳ ನಡುವೆಯೂ ಇದೇ ರೀತಿ. ಹಿಂದೆ ಕಾದಿದವರು ಈಗ ಒಬ್ಬರನ್ನೊಬ್ಬರು ಎದುರಿಗೇ ಬಯ್ದುಕೊಳ್ಳಬಹುದು, ಯಾರೂ ಸಿಟ್ಟಾಗುವಂತಿಲ್ಲ. ಭಾವ ಮೈದುನರ ಸರಸದಂತೆ ಅದೂ ಒಂದು ನಂಟು. ಹಳೆಯ ಯುದ್ಧವನ್ನು ಅವರು ಮರೆಯಲಿಲ್ಲ, ಅದನ್ನೇ ಹಾಸ್ಯವಾಗಿ ಬಳಸಿಕೊಂಡರು. ನಮ್ಮಲ್ಲಿ ಧಾರವಾಡದವನು ಮಂಗಳೂರಿನವನ ಪುಸ್ತಕದ ಕನ್ನಡವನ್ನು ಅಣಕಿಸುತ್ತಾನೆ, ಇವನು ಅವನ ಗಂಡು ಮಾತನ್ನು ಅಣಕಿಸುತ್ತಾನೆ. ಆಮೇಲೆ ಇಬ್ಬರೂ ಒಂದೇ ಕಪ್ಪು ಚಹಾವನ್ನು ಪಾಲು ಮಾಡಿ ಕುಡಿಯುತ್ತಾರೆ. ಆದರೆ ಗೇಲಿ ಎರಡು ಕಡೆಯಿಂದಲೂ ಸಲ್ಲಬೇಕು. ಒಬ್ಬನಿಗೆ ಮಾತ್ರ ಬಯ್ಯುವ ಹಕ್ಕಿದ್ದರೆ ಅದು ಸರಸವಲ್ಲ, ಅವಮಾನ. ಒಳ್ಳೆಯ ಕೆಲಸಗಳನ್ನೆಲ್ಲ ತಮಗೇ ಕಾದಿರಿಸಿಕೊಂಡ ಬಿಳಿಯರಿಗೂ ಕರಿಯ ಕೂಲಿಗಾರರಿಗೂ ನಡುವೆ ಇಂಥ ಸರಸಕ್ಕೆ ಎಡೆಯೇ ಇರಲಿಲ್ಲ.

ಮಿಚೆಲ್ಲರು ಇನ್ನೊಂದು ಸಂಗತಿ ಗಮನಿಸಿದರು. ಹತ್ತಿರದ ನಾಡಿನವರ ಒಳಭೇದಗಳು ಜನಕ್ಕೆ ತಿಳಿಯುತ್ತವೆ. ದೂರದವರನ್ನೆಲ್ಲ ಒಂದೇ ಹೆಸರಿನ ಮೂಟೆಯಲ್ಲಿ ಕಟ್ಟಿಬಿಡುತ್ತಾರೆ. ಕನ್ನಡಿಗ, ತುಳುವ, ತಮಿಳ, ಮಲಯಾಳಿ ಎಲ್ಲರಿಗೂ ಈ ಊರಿನಲ್ಲಿ ‘ಮದ್ರಾಸಿ’ ಎಂಬ ಒಂದೇ ಹೆಸರು ಬಿದ್ದದ್ದು ತಮಗೆ ಗೊತ್ತು. ನಾವೂ ಬಿಹಾರ, ಉತ್ತರ ಪ್ರದೇಶಗಳವರನ್ನೆಲ್ಲ ‘ಭೈಯಾ’ ಎಂದು ಒಂದೇ ಮೂಟೆ ಕಟ್ಟುತ್ತೇವಲ್ಲವೇ?

ಈಗ ಕೂಲಿಯ ವಿಷಯಕ್ಕೆ ಬರೋಣ. ಎಪ್ಸ್ಟೀನ್ ಎಂಬ ಇನ್ನೊಬ್ಬ ವಿದ್ವಾಂಸರು ಇದೇ ಲುವಾನ್ಶ್ಯದ ಕಥೆಯನ್ನು 1958ರಲ್ಲಿ ಗ್ರಂಥವಾಗಿ ಬರೆದರು. ಅಲ್ಲಿನ ಗಣಿ ಕಂಪನಿ ಬುಡಕಟ್ಟಿನ ಹಿರಿಯರನ್ನು ಪ್ರತಿನಿಧಿಗಳಾಗಿ ಇಟ್ಟುಕೊಂಡು, ಕೂಲಿಗಾರರ ದೂರನ್ನು ಅವರ ಮೂಲಕವೇ ಕೇಳುತ್ತಿತ್ತು. ಮನೆಜಗಳ ಬಗೆಹರಿಸುವುದರಲ್ಲಿ ಆ ಹಿರಿಯರಿಗೆ ಮರ್ಯಾದೆಯಿತ್ತು. ಆದರೆ 1935ರಲ್ಲಿ ತೆರಿಗೆ ಏರಿದಾಗ ಮುಷ್ಕರವಾಯಿತು. ಗೋಲಿಬಾರಿನಲ್ಲಿ 6 ಮಂದಿ ಸತ್ತರು. ಆ ದಿನ ಜನ ಹಿರಿಯರ ಮಾತಿಗೆ ಕಿವಿಗೊಡಲಿಲ್ಲ. ಬಿಳಿಯರ ಪಕ್ಷದವರೆಂದು ತಳ್ಳಿಹಾಕಿದರು. 1949ರಲ್ಲಿ ಆಫ್ರಿಕನ್ ಗಣಿ ಕೆಲಸಗಾರರ ಯೂನಿಯನ್ ಹುಟ್ಟಿತು. 1953ರಲ್ಲಿ ಕೂಲಿಗಾರರೇ ಭಾರೀ ಬಹುಮತದಿಂದ ಆ ಪ್ರತಿನಿಧಿ ಪದ್ಧತಿ ಬೇಡವೆಂದರು. ಗಣಿಯೊಳಗೆ ಎಲ್ಲರೂ ಗಣಿಯವರು. ಅಲ್ಲಿ ಕುಲದ ಹಿರಿಯನಿಗೆ ಕೆಲಸವಿಲ್ಲ ಎಂದು ಅವರು ನಿರ್ಧರಿಸಿದರು.

ಅಲ್ಲಿಗೆ ಕಥೆ ಸುಖಾಂತವಾಯಿತೆಂದು ತಿಳಿಯಬೇಡಿ. ಹಿರಿಯರ ಆಟ ಮುಗಿಯುತ್ತಲೇ ಯೂನಿಯನ್ನಿನೊಳಗೇ ಬುಡಕಟ್ಟಿನ ಮಾತು ಎದ್ದಿತು. ಮಿಷನರಿ ಶಾಲೆಗಳಲ್ಲಿ ಮೊದಲು ಓದಿದ ಲೋಜಿಗಳೂ ನ್ಯಾಸಾಲ್ಯಾಂಡಿನವರೂ ಗುಮಾಸ್ತಗಿರಿ ಹಿಡಿದಿದ್ದರು. ಸಂಖ್ಯೆಯಲ್ಲಿ ಹೆಚ್ಚಾದ ಬೆಂಬಾಗಳು ಗಣಿಯೊಳಗೆ ಬೆವರು ಸುರಿಸುತ್ತಿದ್ದರು. ಜಗಳದ ಹೆಸರು ಬುಡಕಟ್ಟಿನದು, ಬೇರು ನೌಕರಿಯ ಹಂಚಿಕೆಯಲ್ಲಿ. 1966ರಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿದಾಗಲೂ ದಕ್ಷಿಣದವರ ಮೇಲಿನ ಮೊದಲ ಕೂಗು ಕಚೇರಿಯ ನೌಕರಿಗಳ ಬಗ್ಗೆಯೇ. ಕಲ್ಲು ಬಿದ್ದದ್ದು ಮಾತ್ರ ಹೋಟೆಲುಗಳ ಮೇಲೆ. ಆ ಕಚೇರಿಯ ಮೆಟ್ಟಿಲನ್ನೂ ಕಾಣದೆ ಅಲ್ಲಿ ತಟ್ಟೆ ತೊಳೆಯುತ್ತಿದ್ದವರ ಮೇಲೆ.

ಇದರಿಂದ ನಮಗೇನು? ನಮ್ಮ ಯಕ್ಷಗಾನ, ನಮ್ಮ ಭಜನೆ, ನಮ್ಮ ರಾಜ್ಯೋತ್ಸವ ಇವನ್ನು ಬಿಡಬೇಕಾಗಿಲ್ಲ. ಕಲೇಲಾ ಕುಣಿತ ಯಾರಿಗೂ ಕೇಡು ಮಾಡಲಿಲ್ಲ. ಆದರೆ ‘ನಮ್ಮವರ ಹೋಟೆಲು, ನಮ್ಮೂರಿನ ಧಣಿ, ಅವರ ಮುಂದೆ ಸಂಬಳದ ಮಾತೇ?’ ಎಂದು ಯಾರಾದರೂ ನಮ್ಮ ಬಾಯಿ ಕಟ್ಟಿದರೆ, ಅದು ಆ ಕಂಪನಿಯ ಹಿರಿಯನ ಮಾತೇ ಎಂದು ತಿಳಿಯಿರಿ. ಗಿರಣಿಗಳ ಕಾಲದಲ್ಲಿ ತನ್ನ ಊರಿನವರನ್ನೇ ಕೆಲಸಕ್ಕೆ ಹಚ್ಚಿ ಹಿಡಿತದಲ್ಲಿಟ್ಟುಕೊಂಡ ಮುಕಾದಮನನ್ನು ನಮ್ಮ ಹಿರಿಯರು ಕಂಡಿದ್ದಾರೆ. ಹಾಗೆಯೇ, ಪಕ್ಕದಲ್ಲಿ ದುಡಿಯುವ ಮರಾಠಿ ತಮ್ಮನನ್ನೋ ಬಿಹಾರಿ ಹುಡುಗನನ್ನೋ ಬಿಟ್ಟು, ನಮ್ಮವನೆಂಬ ಒಂದೇ ಕಾರಣಕ್ಕೆ ನಮಗೆ ಮೇಲಿನ ಕೆಲಸ ಸಿಕ್ಕಾಗ ಸುಮ್ಮನಿರುವುದೂ ನಾಳಿನ ಕಲ್ಲಿಗೆ ನಾವೇ ಕೊಟ್ಟ ಕಾರಣವಾಗುತ್ತದೆ.

ಹಬ್ಬದಲ್ಲಿ ಕನ್ನಡಿಗರಾಗಿರೋಣ, ಅವರನ್ನೂ ಹಬ್ಬಕ್ಕೆ ಕರೆಯೋಣ, ಅವರ ಗೇಲಿಗೆ ನಗೋಣ. ಕೂಲಿಯ ಪ್ರಶ್ನೆ ಬಂದಾಗ ಅವರ ಜೊತೆಗೇ ಕೂರೋಣ.