ಕ್ರಿಸ್ಮಸ್ ಇರುಳಿನ ಬೆಕ್ಕು, ಸೊಲ್ಲಾಪುರದ ಬೀದಿ

(ಶತಮಾನೋತ್ಸವದ ಪಾಲಕರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕ್ರಿಸ್ಮಸ್ ಕಾಲದಲ್ಲಿ ಪ್ರಾಣಿಗಳು ನಗರ ಸುತ್ತುವ ಚಿತ್ರಪುಸ್ತಕಗಳು ಇಂಗ್ಲಿಷಿನಲ್ಲಿ ಹೇರಳ. ಹಲವು ದೀಪಾಲಂಕಾರವನ್ನು ತೋರಿಸಿ ಮುಗಿದುಬಿಡುತ್ತವೆ. ಬಿಯಾಟ್ರಿಕ್ಸ್ ಪಾಟರ್ ಅವರ 'ದಿ ಟೇಲರ್ ಆಫ್ ಗ್ಲಾಸ್ಟರ್' ಹಾಗಲ್ಲ. 1902ರಲ್ಲಿ ಅವರು ಅದನ್ನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದರು. ಮರುವರ್ಷ ಪ್ರಕಾಶಕರು ಹೊರತಂದರು. ತಮ್ಮ ಪುಸ್ತಕಗಳಲ್ಲೆಲ್ಲ ಅವರಿಗೆ ಅದೇ ಹೆಚ್ಚು ಪ್ರಿಯವಾಗಿತ್ತು.

ಗ್ಲಾಸ್ಟರ್ ಇಂಗ್ಲೆಂಡಿನ ಹಳೆಯ ಊರು. ಅಲ್ಲಿಯ ಬಡ ಸಿಂಪಿಗನೊಬ್ಬ ಮೇಯರನ ಮದುವೆಗೆ ರೇಷ್ಮೆಯ ಅಂಗಿ ಹೊಲಿಯಬೇಕು. ಮದುವೆ ಕ್ರಿಸ್ಮಸ್ ಮುಂಜಾನೆಗೆ. ಕೈಯಲ್ಲುಳಿದ ನಾಲ್ಕು ಪೆನ್ನಿ ಕೊಟ್ಟು ಬೆಕ್ಕನ್ನು ಅಂಗಡಿಗೆ ಕಳುಹಿಸುತ್ತಾನೆ. ಸಿಂಪಿಗನ ಬೆಕ್ಕಿನ ಹೆಸರು ಸಿಂಪ್ಕಿನ್. ನಮ್ಮ ಕಿವಿಗೆ ಎಷ್ಟು ಸಹಜ! ಅದು ಹಿಡಿದಿಟ್ಟಿದ್ದ ಇಲಿಗಳನ್ನು ಒಡೆಯ ಬಿಡಿಸಿದನೆಂಬ ಸಿಟ್ಟಿಗೆ ಬೆಕ್ಕು ತಂದ ನೂಲನ್ನು ಬಚ್ಚಿಡುತ್ತದೆ. ಒಡೆಯ ಜ್ವರದಿಂದ ಮಲಗುತ್ತಾನೆ. ಕ್ರಿಸ್ಮಸ್ ಮುನ್ನಾದಿನದ ಇರುಳು ಪ್ರಾಣಿಗಳು ಮಾತಾಡುತ್ತವೆ ಎಂಬುದು ಯುರೋಪಿನ ಹಳೆಯ ನಂಬಿಕೆ. ಹಸಿದ ಬೆಕ್ಕು ಹಿಮದ ಬೀದಿಗಳಲ್ಲಿ ಅಲೆಯುವಾಗ ಮಾಡುಮಾಡುಗಳಿಂದ ಆ ಮಾತು ಕೇಳಿಸುತ್ತದೆ. ಅಂಗಡಿಯೊಳಗೆ ಇಲಿಗಳು ಹೊಲಿಯುತ್ತಿರುತ್ತವೆ. ಇಪ್ಪತ್ತೊಂದು ಕಾಜಾಗಳಲ್ಲಿ ಒಂದೇ ಒಂದು ಉಳಿಯುತ್ತದೆ, ನೂಲು ಸಾಲದೆ. ನಾಚಿದ ಬೆಕ್ಕು ನೂಲನ್ನು ಮರಳಿಸುತ್ತದೆ.

ಪಾಟರ್ ಆ ಊರಿನ ಓಣಿಗಳನ್ನು ಕಣ್ಣಾರೆ ಕಂಡು ಚಿತ್ರಿಸಿದರು; ಕಸೂತಿಯ ಉಡುಪುಗಳನ್ನು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ನೋಡಿ ಬರೆದುಕೊಂಡರು. ಕಥೆಯ ಬೀಜವೂ ಆ ಊರಿನ ನಿಜವಾದ ಸಿಂಪಿಗನೊಬ್ಬನದು. ನಾವು ಇಲ್ಲಿ ಒತ್ತಿ ಹೇಳಬೇಕಾದದ್ದು ಇದೇ. ಬೆಕ್ಕು ಅಲೆದದ್ದು ಯಾವುದೋ ಪಟ್ಟಣದಲ್ಲಲ್ಲ, ಹೆಸರಿರುವ ಊರಿನಲ್ಲಿ.

ನಮ್ಮ ಮಕ್ಕಳೂ ಹೆಸರಿರುವ ಊರಿನವರೇ. ಇದು ಸಿದ್ಧರಾಮನ ಸೊನ್ನಲಿಗೆ, ಚಾದರ ನೇಯುವ ಊರು, ಹೊಲಿಗೆಯಂತ್ರದ ಸದ್ದಿನಲ್ಲಿ ಕೂಸು ನಿದ್ದೆ ಹೋಗುವ ಮನೆಗಳ ಊರು. ನೂಲು ಸಾಲದಿದ್ದರೆ ಏನಾಗುತ್ತದೆಂದು ಇಲ್ಲಿಯ ಮಗುವಿಗೆ ಯಾರೂ ವಿವರಿಸಬೇಕಿಲ್ಲ. ಆದರೆ ಅದರ ಕೈಗೆ ಬರುವ ಕನ್ನಡ ಚಿತ್ರಪುಸ್ತಕದಲ್ಲಿ ಬೆಂಗಳೂರಿದೆ, ಕಾಡಿದೆ. ಈ ಓಣಿ ಇಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪಕ್ಕದ ಓಣಿಯಲ್ಲಿ ತೆಲುಗು ಆಡುವ ಮಗು, ಕನ್ನಡವೆಂಬುದು ಬೇರೆಲ್ಲೋ ನಡೆಯುವ ಸಂಗತಿಯೆಂದು ತಿಳಿದರೆ ಅದರ ತಪ್ಪೇನು? 'ಕನ್ನಡ ಓದಿ ಈ ಊರಿನಲ್ಲಿ ಏನು ಮಾಡುವುದು?' ಎಂದು ಕೇಳುವ ಪಾಲಕರಿಗೆ ನಾವು ನೌಕರಿಯ ಭರವಸೆ ಕೊಡಲಾರೆವು. ಊರನ್ನೇ ಕನ್ನಡದಲ್ಲಿ ತೋರಿಸಬಲ್ಲೆವು.

ಆದ್ದರಿಂದ ಈ ವರ್ಷ ನಾಲ್ಕನೆಯ ತರಗತಿಯ ಮಕ್ಕಳು ಒಂದು ಪುಸ್ತಕ ಮಾಡಲಿದ್ದಾರೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುವಾಗ ಒಂದು ಪ್ರಾಣಿ ಊರು ಸುತ್ತುತ್ತದೆ. ಬೆಕ್ಕೋ ಮೇಕೆಯೋ ಎಂಬ ಜಗಳ ತರಗತಿಯಲ್ಲಿ ಇನ್ನೂ ಮುಗಿದಿಲ್ಲ. ನಾವೂ ತೀರ್ಪು ಕೊಟ್ಟಿಲ್ಲ. ಕಾಗದ, ಬಣ್ಣ ಶಾಲೆಯವು. ಮಗ್ಗದ ಬಿಡಿಭಾಗಗಳ ಕನ್ನಡ ಹೆಸರುಗಳು, ಓಣಿಗಳ ಹಳೆಯ ಹೆಸರುಗಳು ನಿಮ್ಮ ಮನೆಯ ಅಜ್ಜ ಅಜ್ಜಿಯರ ಬಳಿ ಇವೆ. ಮುಂದಿನ ಶನಿವಾರ ಮಧ್ಯಾಹ್ನ ಅವರನ್ನು ಕರೆತನ್ನಿ, ಕುರ್ಚಿ ಹಾಕಿಸಿರುತ್ತೇವೆ.