ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ?

(ಗಿರಣಿ ಕಾರ್ಮಿಕರೂ ಚಿಲ್ಲರೆ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಈ ಕೆಲಸಕ್ಕೆ ಬರುವ ಮುನ್ನ ಮಾಸ್ತರರಾಗಿದ್ದವರು. ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ, “ಉತ್ತರವನ್ನಷ್ಟೇ ಬರೆದರೆ ಅರ್ಧ ಅಂಕ, ಅದು ಬಂದ ದಾರಿಯನ್ನೂ ಬರೆದರೆ ಪೂರ್ತಿ ಅಂಕ” ಎನ್ನುತ್ತಿದ್ದೆವು. ಇಂದು ನಿಮ್ಮ ಮುಂದೆ ಇಡುವುದೂ ಒಂದು ಲೆಕ್ಕವೇ. ಇದರ ಉತ್ತರವನ್ನು ಯಾರೋ ಬರೆದು ನಮ್ಮ ಕೈಗೆ ಕೊಟ್ಟಿದ್ದಾರೆ. ದಾರಿಯನ್ನು ಮಾತ್ರ ತೋರಿಸಿಲ್ಲ.

2025ರ ಜುಲೈ ತಿಂಗಳ ಒಂದು ಬೆಳಿಗ್ಗೆ ನಾವು ಗಿರಣಿಯ ಬಾಗಿಲೆದುರಿನ ಚಹಾದಂಗಡಿಯಲ್ಲಿ ಕುಳಿತಿದ್ದೆವು. ರಾತ್ರಿ ಪಾಳಿ ಮುಗಿಸಿ ಬಂದ ತರುಣನೊಬ್ಬ ಚಹಾ ಕುಡಿದು, ಬನ್ನು ತಿಂದು, ವಾಡಿಕೆಯಂತೆ ಫೋನು ತೆಗೆದ. ಗೋಡೆಯ ಮೇಲೆ ಸ್ಕ್ಯಾನರ್ ಚೀಟಿ ಇರಲಿಲ್ಲ. ಅದನ್ನು ಕಿತ್ತ ಅಂಟಿನ ಕಲೆ ಮಾತ್ರ ಇತ್ತು.

“ಫೋನು ಬ್ಯಾಡಪಾ, ರೊಕ್ಕ ಕೊಡು,” ಎಂದರು ಅಂಗಡಿಯ ಹಿರಿಯರು.

“ಪಗಾರ ಬ್ಯಾಂಕಿಗೆ ಬರ್ತದ ಕಾಕಾ. ಈಗ ರೊಕ್ಕ ಎಲ್ಲಿಂದ ತರ್ಲಿ?”

“ನಾಳೆ ನನಗ ನೋಟೀಸು ಬಂದ್ರ ನೀ ಬಂದು ಕಟ್ಟತೀಯೇನು?”

ಮಾತಿಗೆ ಮಾತು ಬೆಳೆಯಿತು. ಇಬ್ಬರೂ ದುಡಿದು ತಿನ್ನುವವರು. ಇಬ್ಬರ ಮಾತಿನಲ್ಲಿಯೂ ಸುಳ್ಳಿರಲಿಲ್ಲ. ಕಡೆಗೆ ಹಿರಿಯರು ಗಲ್ಲೆಯ ಕೆಳಗಿನಿಂದ ಹಳೆಯ ಉದ್ರಿ ಪುಸ್ತಕವನ್ನು ತೆಗೆದು, ಧೂಳು ಕೊಡವಿ, ಆ ತರುಣನ ಹೆಸರು ಬರೆದುಕೊಂಡರು. ನಾವು ಅಲ್ಲಿಂದ ಎದ್ದು ಬರುವಾಗ, ಈ ಇಬ್ಬರ ನಡುವೆ ಜಗಳ ತಂದಿಟ್ಟವರು ಯಾರು ಎಂದು ಯೋಚಿಸುತ್ತ ಬಂದೆವು. ಅದನ್ನೇ ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಪತ್ರಿಕೆಯಲ್ಲಿ ಯಂತ್ರದ ಸುದ್ದಿ, ಕಂಪ್ಯೂಟರಿನ ಸುದ್ದಿ ಬಂದರೆ ನಮ್ಮಲ್ಲಿ ಹೆಚ್ಚಿನವರು ಪುಟ ತಿರುವುತ್ತಾರೆ. ಅದು ಓದಿದವರಿಗೆ ಸೇರಿದ್ದು ಎಂಬ ಭಾವನೆ. 2025ರ ಆಗಸ್ಟಿನಲ್ಲಿ, ಒಂದೇ ತಿಂಗಳಿನಲ್ಲಿ ಯುಪಿಐ ಮೂಲಕ 2,000 ಕೋಟಿಗಿಂತ ಹೆಚ್ಚು ಸಲ ಹಣ ಕೈ ಬದಲಾಯಿಸಿತು ಎಂಬ ಸುದ್ದಿ ಬಂತು. ಅಷ್ಟು ದೊಡ್ಡ ಸಂಖ್ಯೆ ಎಲ್ಲಿಂದ ಬಂತು? ನಿಮ್ಮ ಚಹಾದಿಂದ, ಸೊಪ್ಪಿನಿಂದ, ಬೀಡಿ ಕಟ್ಟಿನಿಂದ, ಆಟೋ ಬಾಡಿಗೆಯಿಂದ ಬಂತು. ಆದುದರಿಂದ ಅದು ನಿಮ್ಮದೇ ಸುದ್ದಿ.

ಈ ಏರ್ಪಾಡು ಆರಂಭವಾದದ್ದು 2016ರ ಏಪ್ರಿಲಿನಲ್ಲಿ. ನಡೆಸುವುದು 2008ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಾವತಿ ನಿಗಮ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ನಡೆಯುವುದಿಲ್ಲವೆಂದು ಸರ್ಕಾರ ಸಾರಿತು. ಕೈಯಲ್ಲಿ ನಗದಿಲ್ಲದೆ ಜನ ಸಾಲುಗಟ್ಟಿ ನಿಂತರು. 2017ರಲ್ಲಿ ವೇತನ ಪಾವತಿ ಕಾನೂನಿಗೆ ತಿದ್ದುಪಡಿಯಾಗಿ, ಪಗಾರವನ್ನು ಬ್ಯಾಂಕಿನ ಮೂಲಕವೇ ಕೊಡಬೇಕೆಂದು ಗೊತ್ತುಮಾಡುವ ಅಧಿಕಾರ ಸರ್ಕಾರಕ್ಕೆ ಬಂತು. ಅದೇ ವರ್ಷ ಜುಲೈ 1ರಿಂದ ಜಿಎಸ್‌ಟಿ ಜಾರಿಯಾಯಿತು. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಹಿಡಿಯಕೂಡದೆಂದಾಯಿತು. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಬಂದು, ಆ ಚೀಟಿ ತರಕಾರಿ ಬುಟ್ಟಿಯ ಮೇಲೂ ಕುಳಿತಿತು.

ಇದರಿಂದ ಆದ ಒಳ್ಳೆಯದನ್ನು ಮುಚ್ಚಿಟ್ಟು ಮಾತನಾಡುವುದು ನಮ್ಮ ರೀತಿಯಲ್ಲ. ಚಿಲ್ಲರೆಗಾಗಿ ದಿನವೂ ಆಗುತ್ತಿದ್ದ ತಂಟೆ ತಪ್ಪಿತು. ಚಿಲ್ಲರೆಯ ಬದಲು ಚಾಕಲೇಟು ಕೊಡುವುದು ನಿಂತಿತು. ಬೆಂಗಳೂರಿನಲ್ಲಿ ದುಡಿಯುವ ಮಗ ಹಳ್ಳಿಯ ತಾಯಿಗೆ ಅರೆಕ್ಷಣದಲ್ಲಿ ಹಣ ಕಳಿಸುತ್ತಾನೆ. ಕಾರ್ಮಿಕನ ಪಗಾರವನ್ನು ನಡುವಿನ ಮುಕಾದಮ ಮುರಿದುಕೊಳ್ಳುವುದು ಕಷ್ಟವಾಯಿತು. ಇದೆಲ್ಲ ನಿಜ. ಯಂತ್ರವನ್ನು ಬಯ್ಯುವುದಕ್ಕೆ ನಾವು ಬಂದಿಲ್ಲ.

ಹಾಗಾದರೆ ಕೆಟ್ಟದ್ದು ಎಲ್ಲಿ? ಹಿಂದೆ ಅಂಗಡಿಯ ಲೆಕ್ಕದ ಪುಸ್ತಕ ಅಂಗಡಿಕಾರನ ಗಲ್ಲೆಯಲ್ಲಿರುತ್ತಿತ್ತು. ಚೀಟಿ ಅಂಟಿಸಿದ ದಿನದಿಂದ ಅವನ ವ್ಯಾಪಾರದ ಇನ್ನೊಂದು ಪುಸ್ತಕ ಬೇರೆ ಕಡೆ ಬರೆಯಲ್ಪಡುತ್ತಿದೆ. ಅದನ್ನು ಬ್ಯಾಂಕು ಓದಬಲ್ಲದು, ಕಂಪನಿ ಓದಬಲ್ಲದು, ಕೇಳಿದರೆ ಸರ್ಕಾರವೂ ಓದಬಲ್ಲದು. ಅದನ್ನು ಓದದೆ ಉಳಿದವನು ಅಂಗಡಿಕಾರನೊಬ್ಬನೇ.

2025ರ ಜುಲೈನಲ್ಲಿ ಆದದ್ದು ಇದೇ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಸೇವಾ ಸಂಸ್ಥೆಗಳಿಂದ ಲೆಕ್ಕ ತರಿಸಿತು. 2021-22ರಿಂದ ಮುಂದಿನ ವರ್ಷಗಳಲ್ಲಿ ಯಾರ ಖಾತೆಗೆ ಮಿತಿಗಿಂತ ಹೆಚ್ಚು ಹಣ ಬಂದಿದೆಯೋ, ಅವರಲ್ಲಿ ನೋಂದಣಿ ಮಾಡಿಸದವರಿಗೆ ನೋಟೀಸು ಹೋಯಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳ 1 ಕೋಟಿ 63 ಲಕ್ಷ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ರೂಪಾಯಿ ಕಟ್ಟಲು ನೋಟೀಸು ಬಂದ ಸುದ್ದಿ ಪತ್ರಿಕೆಗಳಲ್ಲಿ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ, ನೋಡಿರಿ! ಖಾತೆಗೆ ಬಂದ ಹಣವನ್ನು ಯಂತ್ರ ಕೂಡಿಸಿತು. ಅದು ಬದನೆಕಾಯಿಯ ಹಣವೋ, ಭಾವಮೈದುನ ಕೊಟ್ಟ ಕೈಗಡವೋ ಯಂತ್ರಕ್ಕೆ ಗೊತ್ತಿಲ್ಲ. ಉತ್ತರ ಬಂತು, ದಾರಿ ಕಾಣಲಿಲ್ಲ.

ಈಗ ಮಿತಿಯ ಲೆಕ್ಕ ಮಾಡೋಣ. ಸರಕು ಮಾರುವವನಿಗೆ ವರ್ಷಕ್ಕೆ 40 ಲಕ್ಷ, ಸೇವೆ ಮಾಡುವವನಿಗೆ 20 ಲಕ್ಷ. ಕೇಳುವುದಕ್ಕೆ ಬಹಳ ದೊಡ್ಡದು. 40 ಲಕ್ಷವನ್ನು 365ರಿಂದ ಭಾಗಿಸಿರಿ. ದಿನಕ್ಕೆ 11 ಸಾವಿರಕ್ಕೂ ತುಸು ಕಡಿಮೆ. ಹಾಲು, ಬ್ರೆಡ್ಡು, ಸೋಪು ಮಾರುವ ಮೂಲೆ ಅಂಗಡಿಯಲ್ಲಿ ಅಷ್ಟು ವಹಿವಾಟು ಆಗಬಹುದು. ಆದರೆ ವಹಿವಾಟು ಲಾಭವಲ್ಲ. ಹಾಲಿನ ಹಣ ಬೆಳಿಗ್ಗೆ ಬಂದು ಸಂಜೆಗೆ ಡೈರಿಗೆ ಹೋಗುತ್ತದೆ. ಅಂಗಡಿಯಲ್ಲಿ ಉಳಿಯುವುದು ಸಣ್ಣ ಕಮಿಷನ್. ಬರೀ ವಿನಾಯಿತಿ ಇರುವ ಸರಕನ್ನೇ ಮಾರುವವನಿಗೆ ನೋಂದಣಿ ಬೇಡ. ಆದರೆ ಹಾಲಿನ ಪಕ್ಕದಲ್ಲಿ ಸೋಪು ಇಟ್ಟನೆಂದರೆ, ತೆರಿಗೆಯಿಲ್ಲದ ಹಾಲಿನ ಹಣವೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಈ ಸೂಕ್ಷ್ಮವನ್ನು ಎಷ್ಟು ಜನ ಅಂಗಡಿಕಾರರಿಗೆ ಯಾರು ಬಂದು ತಿಳಿಸಿದ್ದರು?

ಗಾಬರಿಗೊಂಡ ವ್ಯಾಪಾರಿಗಳು ಚೀಟಿ ಕಿತ್ತರು, ನಗದು ಮಾತ್ರ ಎಂದು ಬರೆದರು, ಬಂದ್‌ಗೆ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ, ವಿನಾಯಿತಿಯ ಸರಕಿಗೆ ತೆರಿಗೆ ಹಾಕುವುದಿಲ್ಲವೆಂದೂ ಹೇಳಿದರು. ಚಳವಳಿ ನಿಂತಿತು. ಒಟ್ಟಾಗಿ ನಿಂತುದರಿಂದಲೇ ಅಷ್ಟು ದಕ್ಕಿತು ಎಂಬುದನ್ನು ನೀವು ಮರೆಯಬಾರದು. ಆದರೆ ಈ ಮಾತನ್ನು ನೋಟೀಸಿಗೆ ಮೊದಲೇ ಹೇಳಿದ್ದರೆ ಆ ಚಹಾದಂಗಡಿಯಲ್ಲಿ ಜಗಳ ಆಗುತ್ತಿತ್ತೇ?

ವ್ಯಾಪಾರಿ ಬಂಧುಗಳಿಗೆ ಒಂದು ಕಹಿ ಮಾತನ್ನೂ ಹೇಳಬೇಕು. ಚೀಟಿ ಕಿತ್ತರೆ ತೆರಿಗೆ ತಪ್ಪುವುದಿಲ್ಲ. ನಗದಿನ ವ್ಯಾಪಾರವೂ ಮಿತಿಯ ಲೆಕ್ಕಕ್ಕೆ ಸೇರಿದ್ದೇ. ಅದಲ್ಲದೆ, ತೆರಿಗೆಯಿಂದಲೇ ಶಾಲೆ, ಆಸ್ಪತ್ರೆ ನಡೆಯತಕ್ಕದ್ದು. ನಿಮ್ಮಲ್ಲಿ ಸೋಪು ಕೊಳ್ಳುವ ಗಿರಣಿಯ ಹೆಣ್ಣುಮಗಳು ಅದರ ಬೆಲೆಯಲ್ಲಿಯೇ ತೆರಿಗೆ ಕೊಟ್ಟಿರುತ್ತಾಳೆ. ಕೊಡುವುದಿಲ್ಲವೆನ್ನಲು ಅವಳಿಗೆ ದಾರಿಯೇ ಇಲ್ಲ. ಆದುದರಿಂದ ತೆರಿಗೆಯೇ ಬೇಡ ಎಂಬ ಕೂಗು ನಮ್ಮದಲ್ಲ. ಮೊದಲು ತಿಳಿಸಿ ಆಮೇಲೆ ಕೇಳಿರಿ, ಚಿಕ್ಕವನ ಲೆಕ್ಕವನ್ನು ನೋಡುವ ಕಣ್ಣಿನಿಂದಲೇ ದೊಡ್ಡವನ ಲೆಕ್ಕವನ್ನೂ ನೋಡಿರಿ ಎಂಬುದು ನಮ್ಮ ಮಾತು.

ಆ ದೊಡ್ಡವರು ಯಾರು? ಲೋಹಿಯಾ ಅವರು ನಮ್ಮ ದೇಶಕ್ಕೆ ಚಿಕ್ಕ ಯಂತ್ರ ಬೇಕೆಂದು ವಾದಿಸುತ್ತಿದ್ದರು. ಅಂಗಡಿಯ ಆ ಚೀಟಿಯನ್ನು ನೋಡಿದರೆ ಅದಕ್ಕಿಂತ ಚಿಕ್ಕ ಯಂತ್ರವೇ ಇಲ್ಲವೆನಿಸುತ್ತದೆ. ಅಂಗೈ ಅಗಲದ ಕಾಗದ. ಆದರೆ ಅದರ ಬೆನ್ನಿಗೆ ನಿಂತದ್ದು ಬಹು ದೊಡ್ಡದು. 2025ರಲ್ಲಿ ಯುಪಿಐ ಪಾವತಿಗಳಲ್ಲಿ ಹತ್ತಕ್ಕೆ ಎಂಟು ನಡೆದದ್ದು ಎರಡೇ ಕಂಪನಿಗಳ ಮೂಲಕ. ಒಂದು ಫೋನ್‌ಪೇ; ಅದರ ಹೆಚ್ಚಿನ ಪಾಲು ಅಮೆರಿಕದ ವಾಲ್‌ಮಾರ್ಟಿನದು. ಇನ್ನೊಂದು ಗೂಗಲ್. ಯಾವ ಕಂಪನಿಯೂ ನೂರಕ್ಕೆ 30ಕ್ಕಿಂತ ಹೆಚ್ಚು ಪಾಲು ಹೊಂದಕೂಡದೆಂದು ಪಾವತಿ ನಿಗಮವು 2020ರ ನವೆಂಬರಿನಲ್ಲಿಯೇ ಗೊತ್ತುಮಾಡಿತು. ಆ ಕಟ್ಟಳೆಯ ಗಡುವು ಮುಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಹೋಗಿ, 2026ರ ಡಿಸೆಂಬರ್ 31ಕ್ಕೆ ಬಂದಿತು. ಚಿಕ್ಕ ಅಂಗಡಿಕಾರನಿಗೆ ನಾಲ್ಕು ವರ್ಷ ಹಿಂದಿನ ಲೆಕ್ಕಕ್ಕೆ ನೋಟೀಸು, ದೊಡ್ಡ ಕಂಪನಿಗೆ ಆರು ವರ್ಷ ಮುಂದಿನ ವಾಯಿದೆ! ಇದು ಯಾವ ಶಾಲೆಯ ಗಣಿತ?

ಈಗ ಶುಲ್ಕವಿಲ್ಲ ಎನ್ನುತ್ತಾರೆ. ಆದರೆ ಪುಕ್ಕಟೆ ಯಾವುದೂ ನಡೆಯುವುದಿಲ್ಲ. 2024-25ಕ್ಕೆ ಸಣ್ಣ ಪಾವತಿಗಳ ಪ್ರೋತ್ಸಾಹಕ್ಕೆಂದು ಕೇಂದ್ರ ಸರ್ಕಾರ 1,500 ಕೋಟಿ ರೂಪಾಯಿ ಗೊತ್ತುಮಾಡಿತು. ಅದು ನಿಮ್ಮ ತೆರಿಗೆಯ ಹಣ. ಹಣ ಬಂತೆಂದು ಕೂಗಿ ಹೇಳುವ ಸೌಂಡ್ ಬಾಕ್ಸಿಗೆ ತಿಂಗಳ ಬಾಡಿಗೆ ಬೇರೆ. ಎಲ್ಲರಿಗೂ ರೂಢಿಯಾದ ಮೇಲೆ ಶುಲ್ಕ ಹಾಕಿದರೆ ಬೇಡವೆನ್ನುವ ಶಕ್ತಿ ಯಾರಿಗಿರುತ್ತದೆ?

2025ರ ಮಾರ್ಚ್ 26ರಂದು ಮತ್ತು ಏಪ್ರಿಲ್ 12ರಂದು ದೇಶದ ಹಲವೆಡೆ ಯುಪಿಐ ಕೆಟ್ಟು ನಿಂತಿತು. ಜೇಬಿನಲ್ಲಿ ನೋಟಿಲ್ಲದವನು ಆ ಹೊತ್ತು ಪಗಾರವಿದ್ದೂ ಬಡವ. ಆದುದರಿಂದ ನಗದು ನಮ್ಮ ಹಕ್ಕು. ಗಿರಣಿಯ ಸುತ್ತಲಿನ ಎಟಿಎಂ ಖಾಲಿ ನಿಂತರೆ ಅದನ್ನು ಸಣ್ಣ ದೂರೆಂದು ಬಿಡಬಾರದು.

ಈಗ ಮಾಡತಕ್ಕ ಕೆಲಸ. ಅಂಗಡಿಯವರು ತಮ್ಮ ಪುಸ್ತಕವನ್ನು ತಾವೇ ಬರೆಯಿರಿ. ದಿನವೂ ರಾತ್ರಿ ಕಾಲು ಗಂಟೆ ಸಾಕು. ತೆರಿಗೆಯ ಸರಕು ಒಂದು ಪುಟ, ತೆರಿಗೆಯಿಲ್ಲದ್ದು ಇನ್ನೊಂದು ಪುಟ. ಕೊಂಡ ಸರಕಿನ ಬಿಲ್ಲುಗಳನ್ನು ತಂತಿಗೆ ಚುಚ್ಚಿಡಿರಿ. ಮನೆಯ ಹಣಕ್ಕೊಂದು ಖಾತೆ, ಅಂಗಡಿಗೊಂದು ಖಾತೆ ಇರಲಿ. ನೋಟೀಸು ಬಂದರೆ ಹೆದರಿ ಬಚ್ಚಿಡಬೇಡಿರಿ. ಅದು ಕೇಳಿದ ಪ್ರಶ್ನೆ, ಕೊಟ್ಟ ತೀರ್ಪಲ್ಲ. ಗಡುವಿನೊಳಗೆ ಉತ್ತರ ಬರೆಯಿರಿ. ಮಿತಿ ದಾಟಿದ ಚಿಕ್ಕ ವ್ಯಾಪಾರಿಗೆ, ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ, ತೆರಿಗೆಯ ಸರಕಿನ ಮಾರಾಟದ ಮೇಲೆ ನೂರಕ್ಕೆ ಒಂದರಂತೆ ಕಟ್ಟುವ ರಾಜಿ ಪದ್ಧತಿಯೂ ಉಂಟು. ಆದರೆ ಆ ತೆರಿಗೆಯನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ.

ಕಾರ್ಮಿಕ ಬಂಧುಗಳೆ, ನಿಮ್ಮ ಮಕ್ಕಳಲ್ಲಿ ಹತ್ತನೆಯ ತರಗತಿ ಓದಿದವರು ಎಷ್ಟೋ ಜನ ಇದ್ದಾರೆ. ಅವರು ವಾರಕ್ಕೊಂದು ಸಂಜೆ ಪೇಟೆಯ ಅಂಗಡಿಕಾರರಿಗೆ ಲೆಕ್ಕ ಬರೆಯಲು, ಉತ್ತರ ಬರೆಯಲು ನೆರವಾಗಲಿ. ಹಿಂದೆ ಮುಷ್ಕರದ ಕಾಲದಲ್ಲಿ ಗಿರಣಿಯವರಿಗೆ ಉದ್ರಿ ಕೊಟ್ಟು ಒಲೆ ಆರದಂತೆ ನೋಡಿಕೊಂಡವರು ಇಂಥ ಅಂಗಡಿಯವರೇ.

ಸರ್ಕಾರದ ಮುಂದೆ ನಮ್ಮ ಬೇಡಿಕೆ ನಾಲ್ಕು. ನೋಟೀಸು ಅಂಗಡಿಕಾರನಿಗೆ ತಿಳಿಯುವ ಕನ್ನಡದಲ್ಲಿರಬೇಕು. ಮೊದಲ ಸಲ ಮಿತಿ ದಾಟಿದವನಿಗೆ ಹಳೆಯ ಬಾಕಿಯ ಬದಲು ತಿಳುವಳಿಕೆ ಕೊಡಬೇಕು. ಕಂಪನಿಗಳ ಪಾಲಿನ ಮಿತಿಯನ್ನು ಇನ್ನು ಮುಂದೂಡಬಾರದು. ಯಾವ ಕಾಲಕ್ಕೂ ಚಿಕ್ಕ ಅಂಗಡಿಯ ಪಾವತಿಯ ಮೇಲೆ ಶುಲ್ಕ ಬೀಳಬಾರದು.

ಆ ಚಹಾದಂಗಡಿಯಲ್ಲಿ ಈಗ ಚೀಟಿ ಮತ್ತೆ ಗೋಡೆಗೆ ಬಂದಿದೆ. ಅದರ ಕೆಳಗೆ ಗಲ್ಲೆಯ ಮೇಲೆ ಎರಡು ರೂಲು ಪುಸ್ತಕಗಳಿವೆ. ಬರೆಯುವವನು ಅಂದು ಜಗಳವಾಡಿದ ತರುಣನೇ. ಪಾಳಿ ಮುಗಿಸಿ ಬಂದು ಕಾಲು ಗಂಟೆ ಕುಳಿತು ಕೂಡಿಸುತ್ತಾನೆ. ಹಿರಿಯರು ಕನ್ನಡಕ ಏರಿಸಿ ಮತ್ತೊಮ್ಮೆ ಕೂಡಿಸಿ ನೋಡುತ್ತಾರೆ. ಲೆಕ್ಕ ತಾಳೆಯಾದ ಮೇಲೆಯೇ ಅಂಗಡಿ ಬಾಗಿಲು.