ಪೂರ್ವಾಪರ

ಹೋದ ಬೇಸಿಗೆಯ ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬ ಸರ್ಜಾಪುರದ ನಮ್ಮ ಮನೆಗೆ ಬಂದ. ರಕ್ಷಣೆಗೆ ಸಂಬಂಧಪಟ್ಟ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಒದಗಿತ್ತು. ಪೂರ್ವಾಪರ ವಿಚಾರಣೆಗೆಂದು ಒಂದು ಫಾರಂ ತುಂಬಬೇಕು. "ನನ್ನನ್ನು ಬಲ್ಲ ಇಬ್ಬರ ಹೆಸರು ಕೇಳಿದ್ದಾರೆ ಮೇಷ್ಟ್ರೆ, ಒಂದು ನಿಮ್ಮದು" ಎಂದ. ಸಂತೋಷದಿಂದ ಒಪ್ಪಿದೆ.

ಆದರೂ ಹುಡುಗ ಏಳಲಿಲ್ಲ. ಎಂದಾದರೂ ಬಂಧನ, ಮೊಕದ್ದಮೆ, ದಂಡ ಆಗಿದೆಯೇ ಎಂಬ ಪ್ರಶ್ನೆಯ ಮೇಲೆ ಬೆರಳಿಟ್ಟು ಕುಳಿತ. ಕಾಲೇಜಿನಲ್ಲಿದ್ದಾಗ ಗೆಳೆಯರ ಕೋಣೆಯಲ್ಲಿ ಗಾಂಜಾ ಸೇದಿ ಸಿಕ್ಕಿಬಿದ್ದು, ನ್ಯಾಯಾಲಯದಲ್ಲಿ ದಂಡ ತೆತ್ತಿದ್ದನಂತೆ. "ಇಲ್ಲ ಎಂದು ಬರೆದುಬಿಡಲೆ?" ಎಂದು ಕೇಳಿದ.

ತಮ್ಮ ಮನೆಯ ಮಗನೇ ಹೀಗೆ ಕೇಳಿದ್ದರೆ ತಾವು ಏನು ಹೇಳುತ್ತಿದ್ದಿರಿ?

1985ರ ಮಾದಕ ವಸ್ತುಗಳ ಕಾಯಿದೆಯಂತೆ ಗಾಂಜಾ ಸೇದುವುದು ಅಪರಾಧ. ಆರು ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಆದರೆ ಚಟಕ್ಕೆ ಸಿಲುಕಿದವನು ತಾನಾಗಿಯೇ ಸರ್ಕಾರದ ಇಲ್ಲವೆ ಸರ್ಕಾರ ಮಾನ್ಯಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ, ಸಣ್ಣ ಪ್ರಮಾಣದ ಅಪರಾಧಕ್ಕೆ ಮೊಕದ್ದಮೆಯಿಂದ ರಕ್ಷಣೆಯನ್ನೂ ಅದೇ ಕಾಯಿದೆ ಕೊಡುತ್ತದೆ.

ಇನ್ನು ಉದ್ಯೋಗದ ಮಾತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವತಾರ್ ಸಿಂಗ್ ಅವರ ಪ್ರಕರಣದಲ್ಲಿ ಈ ಗೊಂದಲವನ್ನು ಬಿಡಿಸಿತು. ಫಾರಮಿನಲ್ಲಿ ಸ್ಪಷ್ಟವಾಗಿ ಕೇಳಿದ್ದಕ್ಕೆ ನಿಜವನ್ನೇ ಬರೆಯಬೇಕು. ಮುಚ್ಚಿಟ್ಟರೆ ಆ ಕಾರಣಕ್ಕೇ ಕೆಲಸ ಹೋಗಬಹುದು. ಕ್ಷುಲ್ಲಕ ತಪ್ಪನ್ನು ಮುಚ್ಚಿಟ್ಟಿದ್ದರೆ ಮಾಲೀಕರು ತಮ್ಮ ವಿವೇಚನೆಯಂತೆ ಮನ್ನಿಸಬಹುದು. ನಿಜ ಬರೆದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂಬ ಕಟ್ಟಲೆಯೂ ಇಲ್ಲ. ಪೂರ್ವಚರಿತ್ರೆಯನ್ನು ತೂಗಿ ನೋಡುವ ಹಕ್ಕು ಅವರಿಗಿದೆ. ಅಮೆರಿಕದಲ್ಲಂತೂ ಮೊಕದ್ದಮೆ ಇರಲಿ ಇಲ್ಲದಿರಲಿ, ಕಳೆದ ಏಳು ವರ್ಷಗಳಲ್ಲಿ ಮಾದಕ ವಸ್ತು ಸೇವಿಸಿದ್ದೀರಾ ಎಂದು ನೇರವಾಗಿಯೇ ಕೇಳುತ್ತಾರೆ.

ಇಷ್ಟು ಕಟ್ಟುನಿಟ್ಟು ಏಕೆ? ದೇಶದ ಗುಟ್ಟು ಕಾಯುವವನಲ್ಲಿ ತನ್ನದೇ ಒಂದು ಗುಟ್ಟು ಇದ್ದರೆ, ಅದನ್ನು ತಿಳಿದವನ ಕೈಗೆ ಮೂಗುದಾರ ಸಿಕ್ಕಂತೆಯೇ.

"ಬೇಡಪ್ಪ, ಇದ್ದದ್ದನ್ನು ಇದ್ದ ಹಾಗೆ ಬರೆ. ಪೊಲೀಸರು ನನ್ನನ್ನು ಕೇಳಿದರೆ ನಾನೂ ಅದನ್ನೇ ಹೇಳಬೇಕಾಗುತ್ತದೆ" ಎಂದೆ. ಅವನ ಮುಖ ಬಾಡಿತು. ಆಗ ತರಗತಿಯ ಹಳೆಯ ಪಾಠವನ್ನೇ ನೆನಪಿಸಿದೆ. ಪೂರ್ವ, ಅಪರ ಎರಡೂ ಕೂಡಿದರೆ ಸವರ್ಣದೀರ್ಘಸಂಧಿ, ಪೂರ್ವಾಪರ. ಹಿಂದಿನದರ ಜೊತೆಗೆ ಆಮೇಲಿನದೂ ಅದರಲ್ಲಿದೆ. ಆ ಘಟನೆಯ ತರುವಾಯ ಅವನು ಆ ದಾರಿ ತುಳಿಯದೆ, ಓದು ಮುಗಿಸಿ, ಎರಡು ವರ್ಷ ದುಡಿದು ತಾಯಿಯನ್ನು ಸಾಕಿದ್ದನ್ನು ನಾನು ಬಲ್ಲೆ. ಕೇಳಿದವರಿಗೆ ಅದನ್ನೂ ಹೇಳುತ್ತೇನೆ.

ಹುಡುಗ "ಹೌದು" ಎಂದು ಬರೆದು, ವಿವರ ತುಂಬಿ, ಸಹಿ ಹಾಕಿದ. ಆದೇಶ ಇನ್ನೂ ಬಂದಿಲ್ಲ. ಬರಲಿ, ಬಾರದಿರಲಿ, ಆ ಫಾರಮಿನಲ್ಲಿ ನನ್ನ ಹೆಸರು ಇರುವುದಕ್ಕೆ ನನಗೆ ಸಂಕೋಚವಿಲ್ಲ.